ನುಣ್ಣಗೆ ಬೀಸಿದರೆ ಏನು ಸಿಗುತ್ತದೆ, ಏನು ಹೋಗುತ್ತದೆ

ಎಲ್ಲರಿಗೂ ನಮಸ್ಕಾರ. ತರಕಾರಿ ಒಣಗಿಸುವ ವಿಧಾನಗಳ ಬಗ್ಗೆ ಬೆಳಗ್ಗೆಯಿಂದ ಬೇಕಾದಷ್ಟು ಕೇಳಿದ್ದೀರಿ. ನಾನು ನೇರ ಒಣಗಿದ್ದನ್ನು ಪುಡಿಯಾಗಿ ಬೀಸುವುದಕ್ಕೆ ಬರುತ್ತೇನೆ.

ಪುಡಿ ನುಣ್ಣಗಾದಷ್ಟೂ ಪೋಷಕಾಂಶ ಜಾಸ್ತಿ ಅನ್ನುವ ಮಾತಿದೆಯಲ್ಲ, ಅದರ ಮೇಲೆ ನನಗೆ ತಕರಾರು. ಯಾವ ಯಂತ್ರವೂ ಒಂದು ಮಿಲಿಗ್ರಾಂ ವಿಟಮಿನ್ ಹುಟ್ಟಿಸುವುದಿಲ್ಲ. ಅದು ಜೀವಕೋಶದ ಗೋಡೆ ಒಡೆಯುತ್ತದೆ, ಅಷ್ಟೆ. ಒಡೆದ ಗೋಡೆಯಲ್ಲಿ ಜೀರ್ಣರಸವೂ ನುಗ್ಗುತ್ತದೆ, ಆಮ್ಲಜನಕವೂ ನುಗ್ಗುತ್ತದೆ. ಈ ಮಾತು ಇನ್ನೂ ನಾಲ್ಕು ಸಲ ಬರುತ್ತದೆ, ಸಹಿಸಿಕೊಳ್ಳಿ.

ಕ್ಯಾರೆಟ್ ತೆಗೆದುಕೊಳ್ಳೋಣ. ಅದರ ಕ್ಯಾರೊಟಿನ್, ಅಂದರೆ ನಮ್ಮ ದೇಹ ವಿಟಮಿನ್ ಎ ಮಾಡಿಕೊಳ್ಳುವ ಕಿತ್ತಳೆ ಬಣ್ಣದ ವಸ್ತು, ಕೋಶದೊಳಗೆ ಸಣ್ಣ ಹರಳಾಗಿ ಕೂತಿರುತ್ತದೆ. ಲೆಕ್ಕಕ್ಕೆ ಒಂದು ಕೋಶ 50 ಮೈಕ್ರಾನ್ ಅನ್ನಿ; ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅರ್ಧ ಮಿಲಿಮೀಟರಿನ ಒಂದು ತರಿಯನ್ನು ಘನಾಕೃತಿ ಅಂದುಕೊಂಡರೆ ಅದರಲ್ಲಿ 1000 ಕೋಶ. ಹೊರಪದರ ಕಳೆದರೆ ಒಳಗೆ ಉಳಿಯುವುದು 512. ಅರ್ಧಕ್ಕಿಂತ ಹೆಚ್ಚು ಕೋಶಗಳಿಗೆ ಬ್ಲೇಡು ಮುಟ್ಟೇ ಇಲ್ಲ! ತರಿಯನ್ನು 250 ಮೈಕ್ರಾನಿಗೆ, ಅಂದರೆ 60 ಮೆಶ್ (ಅಂಗುಲಕ್ಕೆ 60 ಕಣ್ಣಿನ) ಜರಡಿಗೆ ಇಳಿಸಿದರೆ ಬ್ಲೇಡು ಮುಟ್ಟದ್ದು 125ರಲ್ಲಿ 27 ಕೋಶ. ಇನ್ನೂ ಇಳಿದು 40 ಮೈಕ್ರಾನಿಗೆ ಹೋದರೆ ಕಣವೇ ಕೋಶಕ್ಕಿಂತ ಚಿಕ್ಕದು, ಇಡಿಯಾದ ಕೋಶ ಉಳಿಯುವ ಮಾತೇ ಇಲ್ಲ. ಕ್ಯಾರೊಟಿನ್ ಹೊರಬಿದ್ದ ಮಾತ್ರಕ್ಕೆ ಮೈಗೆ ಹತ್ತುವುದಿಲ್ಲ, ಜೊತೆಗೆ ಸ್ವಲ್ಪ ಎಣ್ಣೆ ಬೇಕು. ಬರೀ ನೀರಿಗೆ ಕಲಸಿ ಕುಡಿಯುವವರು ಬಣ್ಣ ಕುಡಿಯುತ್ತಿದ್ದಾರೆ ಅನ್ನಬಹುದು.

ಈಗ ಇನ್ನೊಂದು ಕಡೆ ನೋಡಿ. ಕಣ 500ರಿಂದ 25 ಮೈಕ್ರಾನಿಗೆ ಇಳಿದರೆ ಅದೇ ತೂಕದ ಪುಡಿಯ ಮೇಲ್ಮೈ 20 ಪಟ್ಟು. ಅಷ್ಟೂ ಗಾಳಿಗೆ ತೆರೆದದ್ದು. ಕ್ಯಾರೆಟ್ ಪುಡಿ ಕಿತ್ತಳೆಯಿಂದ ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಮುಚ್ಚಳ ತೆಗೆದಾಗ ಹೂವಿನ ಹಾಗೆ ಒಂದು ವಾಸನೆ ಬಂದರೆ ಖುಷಿಪಡಬೇಡಿ: ಕ್ಯಾರೊಟಿನ್ ಒಡೆದು ಅಯೋನೋನ್ ಅನ್ನುವ ವಾಸನೆಯ ವಸ್ತು ಆಗಿದೆ. ವಿಟಮಿನ್ ಸಿ ಅಂತೂ ಸುಳಿವೇ ಕೊಡದೆ ಹೋಗುತ್ತದೆ.

ಬೀಸುವಾಗಿನ ಬಿಸಿ ಇದಕ್ಕೆ ತುಪ್ಪ ಸುರಿದ ಹಾಗೆ. ಹಾಗಾಗಿ ತುಂಡುಗಳ ತೇವ 5 ಶೇಕಡಾದ ಆಸುಪಾಸಿಗೆ ಬಂದಿರಲಿ. ಬಗ್ಗಿಸಿದರೆ ಟಕ್ಕೆಂದು ಮುರಿಯಬೇಕು, ಬಾಗಿದರೆ ಇನ್ನೂ ಒಣಗಬೇಕು. ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರಿನಲ್ಲಿಟ್ಟು, ತೆಗೆದ ಕೂಡಲೇ ಬೀಸಿ. 20 ಸೆಕೆಂಡ್ ಓಡಿಸಿ, ಎರಡು ನಿಮಿಷ ನಿಲ್ಲಿಸಿ. ಜಾರಿನ ಹೊರಮೈ ಕೈಗೆ ಬೆಚ್ಚಗೆ ತಾಗಿದರೆ ನಿಲ್ಲಿಸಿಯೇ ಬಿಡಿ. ಕಾರ್ಖಾನೆಗಳಲ್ಲಿ ಇದೇ ಕೆಲಸಕ್ಕೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಸುರಿಯುತ್ತಾರೆ. ಬೀಟ್‌ರೂಟ್, ಟೊಮೆಟೊ, ಈರುಳ್ಳಿಯಲ್ಲಿ ಸಕ್ಕರೆ ಜಾಸ್ತಿ. ಜಾರು ಬಿಸಿಯಾದರೆ ಪುಡಿ ಬ್ಲೇಡಿನ ಬುಡದಲ್ಲಿ ಅಂಟಿನ ಹಾಗೆ ಕೂರುತ್ತದೆ. ಆಗ ಜನ ಬೈಯುವುದು ಯಂತ್ರವನ್ನು.

ಬ್ರೊಕೊಲಿ ಕಥೆ ಬೇರೆ. ಅಲ್ಲಿ ಗೋಡೆ ಒಡೆಯಲೇಬೇಕು. ಒಂದು ಕೋಣೆಯ ಗ್ಲುಕೋಸಿನೊಲೇಟ್ ಅನ್ನುವ ಗಂಧಕದ ಸಂಯುಕ್ತ, ಇನ್ನೊಂದು ಕೋಣೆಯ ಮೈರೋಸಿನೇಸ್ ಕಿಣ್ವ ಸೇರಿದರೇ ಸಲ್ಫೊರಾಫೇನ್, ಅಂದರೆ ನಾವು ಬ್ರೊಕೊಲಿಯಿಂದ ಬಯಸುವ ವಸ್ತು. ಒಣ ಪುಡಿಯಲ್ಲಿ ನೀರಿಲ್ಲ, ಹಾಗಾಗಿ ಅವೆರಡೂ ಸುಮ್ಮನಿರುತ್ತವೆ. ನೀರು ಬಿದ್ದಾಗ ಕೆಲಸ ಶುರು. ಕುದಿನೀರಿನಲ್ಲಿ ಚೆನ್ನಾಗಿ ಬೇಯಿಸಿ ಒಣಗಿಸಿದ್ದರೆ ಕಿಣ್ವ ಸತ್ತಿರುತ್ತದೆ, ಎಷ್ಟು ನುಣ್ಣಗೆ ಬೀಸಿದರೂ ಅಷ್ಟೇ. ಚಿಟಿಕೆ ಹಸಿ ಸಾಸಿವೆ ಪುಡಿ ಸೇರಿಸಿ, ಅದರಲ್ಲಿ ಆ ಕಿಣ್ವ ಇದೆ.

ಚೀಟಿ ಬಂತು. ಎರಡೇ ನಿಮಿಷವಂತೆ.

ನಾರಿನ ವಿಷಯ ಬೇಗ ಹೇಳುತ್ತೇನೆ. ಅತಿ ನುಣ್ಣಗೆ ಬೀಸಿದರೆ ಕರಗದ ನಾರಿನಲ್ಲಿ ಒಂದು ಪಾಲು ಕರಗುವಂಥದ್ದಾಗಬಹುದು. ಆದರೆ ಮಲಬದ್ಧತೆ ಇರುವವರಿಗೆ ಬೇಕಾದ ಒರಟು ನಾರು ಆಗ ಕಡಿಮೆ. ಇನ್ನು ಸಂಗ್ರಹ: ಪುಡಿ ಪೂರ್ತಿ ತಣಿಯದೆ ಮುಚ್ಚಬೇಡಿ, ಸಣ್ಣ ಡಬ್ಬಿ ಕಂಠಮಟ್ಟ ತುಂಬಿ, ಕತ್ತಲಲ್ಲಿಡಿ. ತಿಂಗಳುಗಟ್ಟಲೆ ಇಡುವುದಾದರೆ ತುಂಡಾಗಿಯೇ ಇಟ್ಟು ವಾರಕ್ಕಾಗುವಷ್ಟು ಬೀಸಿಕೊಳ್ಳಿ. ಕಾರಣ ಗೊತ್ತಲ್ಲ, ಗೋಡೆ!

ಮುಂದಿನ ಸಾಲಿನವರು ಆಗಲೇ ಕೈ ಎತ್ತಿದ್ದಾರೆ. ಜರಡಿಯ ಮೇಲೆ ಉಳಿದ ತರಿ ತಾನೆ? ಎಸೆಯಬೇಡಿ, ಸಿಪ್ಪೆಯ ಭಾಗ ಹೆಚ್ಚಾಗಿ ಅಲ್ಲೇ ಇರುತ್ತದೆ. ಮುಂದಿನ ಸಲದ ತಣ್ಣನೆ ತುಂಡುಗಳ ಜೊತೆ ಹಾಕಿ ಬೀಸಿ.