ಹಳೇ ಕಾರು ನೋಡುವಾಗ ಮೊದಲು ಬಾನೆಟ್ ಮುಟ್ಟಿ

[ದೃಶ್ಯ: ಬೆಳಗ್ಗೆ ಏಳು ಗಂಟೆ. ಗೇಟಿನ ಒಳಗೆ ಬೂದು ಬಣ್ಣದ ವ್ಯಾಗನ್ ಆರ್.]

ನಮಸ್ಕಾರ. ನನ್ನ ತಂಗಿಗೆ ದಿನಾ ಕೆಂಗೇರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಓಡಾಡಲು ಕಾರು ಬೇಕು. ಹೊಸದು ಕೊಳ್ಳುವಷ್ಟು ದುಡ್ಡಿಲ್ಲ. ಅದಕ್ಕೇ ಈ 2012ರ ಗಾಡಿ ನೋಡಲು ಬಂದಿದ್ದೇವೆ. ಇಷ್ಟು ಬೆಳಗ್ಗೆ ಯಾಕೆ ಅಂತೀರಾ?

[ದೃಶ್ಯ: ಬಾನೆಟ್ ಮೇಲೆ ಕೈ.]

ತಣ್ಣಗಿದೆ. ನನಗೆ ಬೇಕಾಗಿದ್ದೂ ಇದೇ. ಹಳೇ ಎಂಜಿನ್ನಿನ ರೋಗ ಗೊತ್ತಾಗುವುದು ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಗ್ಗೆ ಸ್ಟಾರ್ಟ್ ಮಾಡಿದಾಗ. ನಾನು ಮೊದಲ ಕಾರು ತಗೊಂಡಾಗ ಇದು ಗೊತ್ತಿರಲಿಲ್ಲ. ಮಾರುವವರು ಗಾಡಿಯನ್ನು ನನ್ನ ಆಫೀಸಿನ ತನಕ ಓಡಿಸಿಕೊಂಡೇ ಬಂದರು. ಏನೂ ಸದ್ದಿಲ್ಲ, ಹೊಗೆಯಿಲ್ಲ. ಮರುದಿನ ಬೆಳಗ್ಗೆ ಮನೆ ಮುಂದೆ ಸ್ಟಾರ್ಟ್ ಮಾಡಿದರೆ ಬೀದಿ ತುಂಬ ನೀಲಿ ಹೊಗೆ!

ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಚಳಿಯಲ್ಲಿ ಸ್ವಲ್ಪ ಹೊತ್ತು ಬಂದು ನಿಂತರೆ ಅದು ಬರೀ ಆವಿ, ಹೆದರಬೇಡಿ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲಂಟ್, ಒಳಗೆ ಸೋರುತ್ತಿರಬಹುದು. ಆಯಿಲ್ ಮುಚ್ಚಳ ಬಿಚ್ಚಿ ನೋಡಿ. ಒಳಗೆ ಮಜ್ಜಿಗೆ ಬಣ್ಣದ ನೊರೆ ಕಂಡರೆ ಮೆಕ್ಯಾನಿಕ್‌ಗೆ ತೋರಿಸದೆ ಮುಂದಿನ ಮಾತು ಆಡಬೇಡಿ.

[ದೃಶ್ಯ: ಸೆಲ್ಫ್ ಹೊಡೆಯುವ ಸದ್ದು. ಸೈಲೆನ್ಸರ್ ಹತ್ತಿರದಿಂದ.]

ಒಂದೇ ಸಲಕ್ಕೆ ಸ್ಟಾರ್ಟ್. ಹೊಗೆ ಇಲ್ಲ.

ಆದರೂ ನನ್ನ ದೊಡ್ಡ ಭಯ ಎಂಜಿನ್ನಿನದ್ದಲ್ಲ, ಬಾಡಿಯದ್ದು. ಎಂಜಿನ್ ಕೆಟ್ಟರೆ ಖರ್ಚು ಮಾಡಿ ಸರಿ ಮಾಡಿಸಬಹುದು. ತಳ ತುಕ್ಕು ತಿಂದ ಗಾಡಿಗೆ ಎಷ್ಟು ಟಿಂಕರಿಂಗ್ ಮಾಡಿಸಿದರೂ ತುಕ್ಕು ಮತ್ತೆ ಏಳುತ್ತದೆ. ನಂಬರ್ ಪ್ಲೇಟ್ ಕೆಎ 19 ಅಥವಾ ಕೆಎ 20 ಇದ್ದರೆ, ಅಂದರೆ ಮಂಗಳೂರು, ಉಡುಪಿ ಕಡೆಯದಾದರೆ, ಕೆಳಗೆ ಬಗ್ಗಿ ಜಾಸ್ತಿ ಹೊತ್ತು ನೋಡಿ. ಸಮುದ್ರದ ಉಪ್ಪು ಗಾಳಿ ಕಬ್ಬಿಣವನ್ನು ಬಿಡುವುದಿಲ್ಲ.

ಬೆಂಗಳೂರಿನ ಗಾಡಿಗೆ ಬೇರೆ ಅಪಾಯ. 2022ರ ಸೆಪ್ಟೆಂಬರ್ ಮಳೆ ನೆನಪಿದೆ ಅಲ್ವಾ? ಬೆಳ್ಳಂದೂರು, ಹೊರ ವರ್ತುಲ ರಸ್ತೆ ಕಡೆ ಕಾರುಗಳು ನೀರಿನಲ್ಲಿ ನಿಂತಿದ್ದವು. ಅಂಥ ಗಾಡಿ ತೊಳೆದು ಪಾಲಿಶ್ ಮಾಡಿದರೆ ಹೊಳೆಯುತ್ತದೆ. ಆದರೆ ಸೀಟ್ ಬೆಲ್ಟ್ ಪೂರ್ತಿ ಕೊನೆಯ ತನಕ ಎಳೆಯಿರಿ.

[ದೃಶ್ಯ: ಸೀಟ್ ಬೆಲ್ಟ್ ನಿಧಾನ ಹೊರಗೆ ಬರುತ್ತಿದೆ.]

ಸುರುಳಿಯ ಒಳಗಿನ ಭಾಗವನ್ನು ಯಾರೂ ತೊಳೆಯುವುದಿಲ್ಲ. ಕೆಸರಿನ ಗೆರೆ ಉಳಿದರೆ ಇಲ್ಲೇ ಉಳಿಯುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿಯನ್ನೂ ನೋಡಿ. ಇಲ್ಲಿ ಎರಡೂ ಕಡೆ ಒಣಗಿದೆ, ಚೊಕ್ಕವಾಗಿದೆ.

ಯಾವ ಮಾಡೆಲ್ ತಗೊಳ್ಳಲಿ ಅಂತ ತುಂಬಾ ಜನ ಕೇಳುತ್ತೀರಿ. ದಿನಾ ಓಡಿಸಲು ನಿಮ್ಮೂರಿನ ಮೆಕ್ಯಾನಿಕ್ ಕಣ್ಣುಮುಚ್ಚಿ ಬಿಚ್ಚಬಲ್ಲ ಪೆಟ್ರೋಲ್ ಗಾಡಿ ಹಿಡಿಯಿರಿ. ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್, ಐ10, ಎಟಿಯೋಸ್. ಈ ವ್ಯಾಗನ್ ಆರ್‌ನಲ್ಲಿರುವ ಕೆ ಸೀರೀಸ್ ಎಂಜಿನ್‌ಗೆ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಟೈಮಿಂಗ್ ಚೈನ್ ಇದೆ. ಹಳೇ ಸ್ಯಾಂಟ್ರೊ ಮತ್ತು 1.1 ಲೀಟರ್ ಐ10ಗೆ ಆ ಕೆಲಸಕ್ಕೆ ಇರುವುದು ಬೆಲ್ಟ್, ಅದನ್ನು ಕಾಲಕಾಲಕ್ಕೆ ಬದಲಿಸಬೇಕು. ಯಾವಾಗ ಬದಲಿಸಿದ್ದು ಅಂತ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಿಡಿದು ಬೆಲೆ ಮಾತಾಡಿ. ಓಡುವಾಗ ತುಂಡಾದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ, ವಾಲ್ವ್‌ಗಳೂ ಬಾಗಬಹುದು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾಗಿದ್ದು. ಟೈರಿನ ಗೀರುಗಳು ಆಳ ಇದ್ದರೂ ರಬ್ಬರ್ ಮುದಿಯಾಗಿರಬಹುದು.

ಕಾಗದ ಪತ್ರ. ಖಾಸಗಿ ಕಾರಿನ ಆರ್‌ಸಿ 15 ವರ್ಷ. ಈ ಗಾಡಿಗೆ 2027ರ ತನಕ. ಆಮೇಲೆ ಆರ್‌ಟಿಒ ತಪಾಸಣೆ ಮಾಡಿಸಿ 5 ವರ್ಷಕ್ಕೆ ನವೀಕರಿಸಬೇಕು, ಗ್ರೀನ್ ಟ್ಯಾಕ್ಸ್ ಬೇರೆ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಇನ್ಶೂರೆನ್ಸ್, ಆರ್‌ಸಿ ಅವಧಿ ನೋಡಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ, ಅಂದರೆ ಗಾಡಿ ಮೇಲೆ ಸಾಲ ಇದ್ದರೆ, ಅವರ ಎನ್‌ಒಸಿ ಮತ್ತು ಸಾಲದ ಹೆಸರು ತೆಗೆಸುವ ಫಾರ್ಮ್ 35 ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ದೆಹಲಿಯ ಗಾಡಿ ಅಗ್ಗಕ್ಕೆ ಸಿಗುತ್ತದೆ ಅಂತ ಆಸೆ ಬೀಳುವ ಮುಂಚೆ ಇಲ್ಲಿಯ ರಸ್ತೆ ತೆರಿಗೆ ಎಷ್ಟಾಗುತ್ತದೆ ವಿಚಾರಿಸಿ.

[ದೃಶ್ಯ: ತಂಗಿ ಸ್ಟೀರಿಂಗ್ ಹಿಂದೆ. ಏರು ರಸ್ತೆ.]

ಓಡಿಸುವವಳು ಅವಳು, ಅದಕ್ಕೇ ಕೀ ಅವಳಿಗೇ ಕೊಟ್ಟೆ. ಏರಿನಲ್ಲಿ ಮೂರನೇ ಗೇರ್ ಹಾಕಿದಾಗ ಸದ್ದು ಏರಿತು, ವೇಗ ಅಷ್ಟಾಗಿ ಏರಲಿಲ್ಲ. ಕ್ಲಚ್ ಪ್ಲೇಟ್ ಸವೆದಿದೆ. "ಅಣ್ಣಾ, ಬಿಟ್ಟುಬಿಡೋಣವಾ?" ಅಂದಳು. ಬೇಡ. ಈ ಗಾಡಿಯ ತಳ ಗಟ್ಟಿಯಿದೆ. ಕ್ಲಚ್ ಹಾಕಿಸಲು ಎಷ್ಟಾಗುತ್ತದೆ ಅಂತ ನಮ್ಮ ಮೆಕ್ಯಾನಿಕ್‌ಗೆ ಫೋನ್ ಮಾಡಿ, ಆ ಮೊತ್ತ ಕಳೆದು ಬೆಲೆ ಕೇಳುತ್ತೇವೆ.