ಚಿಪ್ಪಿಗೆ ಅಲ್ಲ, ಅಂಚಿಗೆ ದುಡ್ಡು ಕೊಡಿ

ನಮಸ್ಕಾರ, ಮುಂಬೈಯಿಂದ. ಇವತ್ತು ಒಂದೇ ವಿಷಯ. ಓಪನ್ ಸ್ಪೋರ್ಟ್ಸ್ ಕಾರಿಗೆ ಸೆಕೆಂಡ್ ಹ್ಯಾಂಡ್ ಹಾರ್ಡ್‌ಟಾಪ್, ಅಂದರೆ ಬಟ್ಟೆಯ ಟಾಪ್ ಬದಲು ಕೂರಿಸುವ ಗಟ್ಟಿ ಚಾವಣಿ, ತೆಗೆದುಕೊಳ್ಳುವುದು. ಬಟನ್ ಒತ್ತಿದರೆ ತಾನೇ ಮಡಚಿಕೊಂಡು ಡಿಕ್ಕಿಯೊಳಗೆ ಹೋಗುತ್ತದಲ್ಲ, 1996ರಲ್ಲಿ ಮರ್ಸಿಡಿಸ್ ಎಸ್‌ಎಲ್‌ಕೆ ತಂದಿತ್ತಲ್ಲ, ಅದರ ಮಾತಲ್ಲ. ಲಾಕ್ ಬಿಚ್ಚಿ, ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದು ಎತ್ತಿ, ಪಕ್ಕಕ್ಕೆ ತೆಗೆದಿಡುತ್ತಾರಲ್ಲ, ಆ ಜಾತಿಯದ್ದು.

ಮಾರುವವರೂ ಕೊಳ್ಳುವವರೂ ಇದರಲ್ಲಿ ನೋಡುವುದು ಪೇಂಟ್. ಫೋಟೋದಲ್ಲಿ ಮಿಂಚುತ್ತಿದೆಯಾ, ನನ್ನ ಕಾರಿನ ಕಲರ್‌ಗೆ ಮ್ಯಾಚ್ ಆಗುತ್ತದಾ, ಮೇಲೆ ಗೀರು ಇದೆಯಾ. ಅಲ್ಲ ಮಾರಾಯ್ರೆ, ಟಾಪಿನ ನಡುಮಧ್ಯದಿಂದ ಯಾವತ್ತಾದರೂ ನೀರು ಒಳಗೆ ಬಂದಿದೆಯಾ? ನೀರು ಬರುವುದು ಅಂಚಿನಿಂದ. ಗಾಳಿಯ ಸದ್ದು ಬರುವುದು ಅಂಚಿನಿಂದ. ಹಳ್ಳಕ್ಕೆ ಇಳಿದಾಗ ಕಿರಕಿರ ಅನ್ನುವುದು ಲಾಕ್ ಇರುವ ಜಾಗ. ಹಾಗಾಗಿ ನನ್ನ ಪ್ರಕಾರ ಬೆಲೆ ಇರುವುದು ಬೀಡಿಂಗ್‌ಗೆ (ಅಂಚಿನ ರಬ್ಬರ್ ಪಟ್ಟಿ), ಲಾಕ್‌ಗೆ, ಹಿಂದಿನ ಗಾಜಿಗೆ. ಚಿಪ್ಪು, ಅಂದರೆ ಉಳಿದ ಗಟ್ಟಿ ಭಾಗ, ಹೆಚ್ಚುಕಮ್ಮಿ ಪುಕ್ಕಟೆ ಅಂತ ಲೆಕ್ಕ ಹಾಕಿ ಚೌಕಾಸಿ ಮಾಡಿ.

ನಮ್ಮ ಮುಂಬೈ-ಪುಣೆ ಕಡೆ ಇಂಥ ಟಾಪ್ ಹಾಕಬಹುದಾದ ಕಾರು ಬೆರಳೆಣಿಕೆಯಷ್ಟು. ಹಳೇ ಮರ್ಸಿಡಿಸ್ ಎಸ್‌ಎಲ್, ಹಳೇ ಪೋರ್ಷೆ ಬಾಕ್ಸ್‌ಸ್ಟರ್, ಅಪರೂಪಕ್ಕೆ ಒಂದು ಬಿಎಂಡಬ್ಲ್ಯೂ ಝಡ್3. ಇಂಟರ್ನೆಟ್‌ನಲ್ಲಿ ಹುಡುಕಿದರೆ ಸಿಗುವ ಜ್ಞಾನ ಎಲ್ಲ ಮಾಜ್ದಾ ಎಂಎಕ್ಸ್-5 ಬಗ್ಗೆ. ಆ ಕಾರನ್ನು ಕಂಪನಿಯೇ ಇಲ್ಲಿ ಮಾರಲಿಲ್ಲ. ಆದರೂ ಅದರಿಂದ ಕಲಿಯುವುದು ಇದೆ. 1989ರ ಮೊದಲ ಎಂಎಕ್ಸ್-5 ಟಾಪ್ 1998ರ ಎರಡನೇ ಮಾಡೆಲ್‌ಗೂ ಕೂರುತ್ತದೆ, 2005ರಲ್ಲಿ ಬಂದ ಮೂರನೆಯದಕ್ಕೆ ಕೂರುವುದಿಲ್ಲ. ಹೊರಗಿನಿಂದ ನೋಡಿದರೆ ಒಂದೇ ತರಹ ಕಾಣುತ್ತದೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಕಾರಿನ ಯಾವ ವರ್ಷ, ಯಾವ ಬಾಡಿ ಕೋಡ್ (ಆ ಮಾಡೆಲ್‌ಗೆ ಕಂಪನಿ ಕೊಟ್ಟ ಗುರುತು), ಅದನ್ನು ಇಟ್ಟುಕೊಂಡು ಮಾತಾಡಿ. ಅಮೆರಿಕದಲ್ಲಿ ಒಂದು ಕಾಲಕ್ಕೆ ಈ ಟಾಪ್‌ಗಳು ಕೆಲವು ನೂರು ಡಾಲರ್‌ಗೆ ಸಿಗುತ್ತಿದ್ದವು, ಈಗ ಸಾವಿರ ದಾಟಿ ಹೋಗಿವೆ. ಹೋಂಡಾ ಎಸ್2000ದ್ದು ಇನ್ನೂ ಜಾಸ್ತಿ.

"ಸರಿ ಬಿಡಿ, ಹೊರಗಿನಿಂದ ತರಿಸೋಣ" ಅಂತ ಯಾರಾದರೂ ಹೇಳುತ್ತಾರೆ. ದುಬೈನಲ್ಲಿ ಭಾವ ಇದ್ದಾನೆ, ಕಳಿಸುತ್ತಾನೆ. ಸ್ವಲ್ಪ ಕೇಳಿ. ಎಂಎಕ್ಸ್-5 ಟಾಪ್ ತೂಕ ಸುಮಾರು 20 ಕೆಜಿ, ಬಾಕ್ಸ್‌ಸ್ಟರ್‌ನದ್ದು 25ರ ಹತ್ತಿರ. ಅಷ್ಟೇನಾ ಅನ್ನಿಸುತ್ತದೆ. ಆದರೆ ಕೊರಿಯರ್‌ನವರು ತೂಕ ನೋಡುವುದಿಲ್ಲ, ಜಾಗ ನೋಡುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. 140, 120, 60ರ ಒಂದು ಮರದ ಪೆಟ್ಟಿಗೆ ಅಂದುಕೊಳ್ಳಿ, 200 ಕೆಜಿ ಮೇಲೆ ಬಿಲ್ ಆಗುತ್ತದೆ. ಇಪ್ಪತ್ತು ಕೆಜಿ ಸಾಮಾನಿಗೆ! ಹಡಗಿನಲ್ಲಿ ನಾವಾ ಶೇವಾ ಬಂದರಿಗೆ ತರಿಸಿದರೆ ಸಾಗಣೆ ಕಮ್ಮಿ ಆಗಬಹುದು, ಆದರೆ ಬಳಸಿದ ಸಾಮಾನಿನ ಆಮದು ನಮ್ಮಲ್ಲಿ ಮುಕ್ತ ಅಲ್ಲ, ಕೇಂದ್ರದ ವಿದೇಶ ವ್ಯಾಪಾರ ಇಲಾಖೆ ಡಿಜಿಎಫ್‌ಟಿ ಅನುಮತಿ ಬೇಕು. ಅದು ಇಲ್ಲದೆ ತರಿಸಿ, ಬಂದರಿನಲ್ಲಿ ಸಿಕ್ಕಿಕೊಂಡು, ದಿನದ ಬಾಡಿಗೆ ಕಟ್ಟುವ ಉಸಾಬರಿ ಬೇಡ. ಹೊರಗಿನಿಂದ ತರಿಸುವುದಿದ್ದರೆ ಹೊಸ ಬೀಡಿಂಗ್ ತರಿಸಿ. ಸುತ್ತಿ ಚಿಕ್ಕ ಡಬ್ಬದಲ್ಲಿ ಬರುತ್ತದೆ. ಟಾಪ್ ಮಾತ್ರ ಇಲ್ಲೇ ಹುಡುಕಿ.

ಇಲ್ಲಿ ಅಂದರೆ ಕುರ್ಲಾದ ಸಿಎಸ್‌ಟಿ ರೋಡ್‌ನ ಪಾರ್ಟ್ಸ್ ಅಂಗಡಿಗೆ ಹೋಗಿ ರ‍್ಯಾಕ್‌ನಿಂದ ಇಳಿಸಿಕೊಂಡು ಬರುವ ಸಾಮಾನಲ್ಲ ಇದು. ಯಾರದ್ದೋ ಬಂಗಲೆಯ ಹಿಂದೆ, ಯಾವುದೋ ಗ್ಯಾರೇಜಿನ ಅಟ್ಟದ ಮೇಲೆ ಬಿದ್ದಿರುತ್ತದೆ. ಕಾರು ಮಾರಿ ಹೋಗಿರುತ್ತದೆ, ಟಾಪ್ ಉಳಿದಿರುತ್ತದೆ. ಎಸ್‌ಎಲ್‌ನವರ ಡ್ರೈವರ್‌ಗಳನ್ನು ಕೇಳಿ, ಮಾಲೀಕರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಈಗ ನೋಡುವುದು ಹೇಗೆ. ನಿಮ್ಮ ಕಾರು ತೆಗೆದುಕೊಂಡೇ ಹೋಗಿ. ಟಾಪ್ ಮಾತ್ರ ನೆಲದ ಮೇಲೆ ನೋಡಿ ಅಡ್ವಾನ್ಸ್ ಕೊಡಬೇಡಿ. ಪುಣೆಯ ಕೋಥ್ರೂಡ್‌ನಲ್ಲಿ ಇದೆ, ನೀವು ಬೋರಿವಲಿಯಲ್ಲಿ ಇದ್ದೀರಿ ಅಂದರೂ ಕಾರಿನಲ್ಲೇ ಹೋಗಿ. ಚಾವಣಿ ಇಲ್ಲದ ಕಾರಿನ ಬಾಡಿ ಸ್ವಲ್ಪ ತಿರುಚುತ್ತದೆ, ಇಪ್ಪತ್ತು ವರ್ಷದಲ್ಲಿ ಪ್ರತಿ ಕಾರೂ ತನ್ನದೇ ರೀತಿ ಕೂತಿರುತ್ತದೆ, ಎಲ್ಲೋ ಒಮ್ಮೆ ಹಿಂದಿನಿಂದ ಗುದ್ದಿಸಿಕೊಂಡಿರುತ್ತದೆ. ಆದ್ದರಿಂದ ಅವರ ಕಾರಿಗೆ ಸರಿಯಾಗಿ ಕೂತಿದ್ದು ನಿಮ್ಮದಕ್ಕೆ ಒಂದು ಮೂಲೆಯಲ್ಲಿ ಎದ್ದು ನಿಲ್ಲಬಹುದು.

ಟಾಪ್ ಕೂರಿಸಿದ ಮೇಲೆ ಗಾಜು ಏರಿಸಿ. ಇಂಥ ಕಾರುಗಳ ಬಾಗಿಲಿಗೆ ಮೇಲಿನ ಫ್ರೇಮ್ ಇರುವುದಿಲ್ಲ, ಗಾಜು ನೇರವಾಗಿ ಬೀಡಿಂಗ್‌ಗೆ ಒತ್ತಿಕೊಳ್ಳಬೇಕು. ಒಂದು ಕಾಗದದ ಪಟ್ಟಿ ನಡುವೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಆ ಜಾಗದಲ್ಲಿ ನೀರೂ ಬರುತ್ತದೆ. ಸುತ್ತಲೂ ಹೀಗೇ ಮಾಡುತ್ತಾ ಹೋಗಿ, ಮುಖ್ಯವಾಗಿ ಮುಂದಿನ ಗಾಜಿನ ಮೂಲೆ ಮತ್ತು ಬಾಗಿಲಿನ ಹಿಂದಿನ ತುದಿ. ಗಾಜು ಅಡ್ಜಸ್ಟ್ ಮಾಡಿದರೆ ಸರಿಹೋಗುತ್ತದೆ ಅಂತ ಮಾರುವವರು ಹೇಳುತ್ತಾರೆ. ನಿಜ, ಹೋಗಬಹುದು. ಆದರೆ ಹಾರ್ಡ್‌ಟಾಪ್‌ಗೆ ಅಂತ ಗಾಜು ಸರಿಸಿದರೆ ಬಟ್ಟೆಯ ಟಾಪ್‌ಗೆ ಕೆಡುತ್ತದೆ, ಇದನ್ನು ಅವರು ಹೇಳುವುದಿಲ್ಲ.

ಬೀಡಿಂಗ್ ಉಗುರಿನಿಂದ ಒತ್ತಿ. ಬಿಟ್ಟ ಕೂಡಲೇ ಉಬ್ಬಬೇಕು. ಗುಳಿ ಹಾಗೇ ಉಳಿದರೆ ರಬ್ಬರ್ ಸತ್ತಿದೆ. ಅಂಚಿನಲ್ಲಿ ಸಿಲಿಕಾನ್ ಮೆತ್ತಿದ ಗುರುತು ಕಂಡರೆ ಬೇರೆ ಮಾತೇ ಬೇಡ, ಬೆಲೆ ಅರ್ಧ ಮಾಡಿ. ಬೀಡಿಂಗ್ ಸಿಗುತ್ತದೆ ಸಾರ್ ಅಂದರೆ, ಸರಿ, ನೀವೇ ತರಿಸಿ ಹಾಕಿ ಕೊಡಿ ಅನ್ನಿ. ಆಗ ಗೊತ್ತಾಗುತ್ತದೆ ಎಷ್ಟು ಸಲೀಸು ಅಂತ. ಲಾಕ್‌ಗಳೂ ಹಾಗೇ. ಕೆಲವು ಕಾರುಗಳಲ್ಲಿ ಟಾಪ್‌ನ ಲಾಕ್ ಹಿಡಿದುಕೊಳ್ಳುವ ಕೊಂಡಿ ಕಾರಿನ ಕಡೆ ಬೇರೆಯಾಗಿ ಹಾಕಬೇಕು, ಹಾರ್ಡ್‌ಟಾಪ್ ಇಲ್ಲದೆ ಮಾರಿದ ಕಾರಿಗೆ ಅದು ಬಂದಿರುವುದೇ ಇಲ್ಲ. ಪ್ರತಿಯೊಂದು ಬೋಲ್ಟೂ ಟಾಪ್ ಜೊತೆಗೇ ಕೈಗೆ ಬರಬೇಕು. ಆಮೇಲೆ ಕಳಿಸುತ್ತೇನೆ ಅನ್ನುವುದು ಬರುವುದಿಲ್ಲ.

ಅಯಸ್ಕಾಂತ ಹಿಡಿದುಕೊಂಡು ಹೋಗುವವರು ಇದ್ದಾರೆ. ಸುಮ್ನೆ. ಎಸ್2000 ಟಾಪ್ ಅಲ್ಯುಮಿನಿಯಂ, ಎಂಎಕ್ಸ್-5ದು ಫೈಬರ್ ತರಹದ್ದು, ಎರಡಕ್ಕೂ ಅಂಟುವುದಿಲ್ಲ. ಗಾಜಿನ ಮೂಲೆಯ ಮುದ್ರೆ ನೋಡಿ, ಅದರಿಂದ ಜಾಸ್ತಿ ತಿಳಿಯುತ್ತದೆ. ಕಂಪನಿ ಗಾಜಿಗೆ ಗುರುತು ಇರುತ್ತದೆ. ಲೋಕಲ್‌ನಲ್ಲಿ ಮಾಡಿದ್ದಾದರೆ ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ ಇರಬಹುದು. ಎರಡು ಸಲ ಬಟ್ಟೆಯಿಂದ ಒರೆಸಿದರೆ ಮಂಜು ಕವಿದ ಹಾಗೆ ಆಗುತ್ತದೆ.

ಲೋಕಲ್ ಫೈಬರ್ ಟಾಪ್ ಪೂರ್ತಿ ಕೆಟ್ಟದು ಅಂತ ನಾನು ಹೇಳುವುದಿಲ್ಲ. ನಮ್ಮ ಬೆಂಗಳೂರಿನ ಸ್ಯಾನ್ ಸ್ಟಾರ್ಮ್ ಅನ್ನುವ ಓಪನ್ ಕಾರು ನೆನಪಿದೆಯಾ? ರೆನೋ ಎಂಜಿನ್, ಇಡೀ ಬಾಡಿಯೇ ಫೈಬರ್. ಅಂಥ ಕಾರಿಗೆ ಒಳ್ಳೆ ಫೈಬರ್ ಕೆಲಸದವರಿಂದ ಟಾಪ್ ಮಾಡಿಸುವುದರಲ್ಲಿ ನ್ಯಾಯ ಇದೆ. ಚಿಪ್ಪು ಚೆನ್ನಾಗಿಯೇ ಬರುತ್ತದೆ. ಎಡವುವುದು ಮತ್ತೆ ಅಂಚಿನಲ್ಲೇ, ಯಾವುದೋ ಬಾಗಿಲಿನ ಬೀಡಿಂಗ್ ಕತ್ತರಿಸಿ ಅಂಟಿಸಿರುತ್ತಾರೆ.

ಒಳಗಿನ ಬಟ್ಟೆ ಜೋತು ಬಿದ್ದಿದೆಯಾ? ತಲೆ ಕೆಡಿಸಿಕೊಳ್ಳಬೇಡಿ, ಕುಶನ್ ಕೆಲಸದವರು ಮಾಡುತ್ತಾರೆ. ಪೇಂಟ್ ಹೋಗಿದೆಯಾ, ಇನ್ನೂ ಒಳ್ಳೆಯದು, ಅದನ್ನೇ ತೋರಿಸಿ ಬೆಲೆ ಇಳಿಸಿ. ಲಾಕ್ ಕೂರುವ ಮೂಲೆಯಲ್ಲಿ ಬಿರುಕು ಇದ್ದರೆ, ಪುಟ್ಟಿ ಬಳಿದಿದ್ದರೆ ಮಾತ್ರ ಬಿಟ್ಟು ಬನ್ನಿ.

ಇನ್ನು ಮಳೆಗಾಲ. ಮುಂಬೈಯಲ್ಲಿ ಎಲ್ಲರೂ ಹಾರ್ಡ್‌ಟಾಪ್ ಬೇಕು ಅನ್ನುವುದು ಜೂನ್ ಹತ್ತಿರ ಬಂದಾಗ. ನನಗೆ ಕೇಳಿದರೆ ಅದರ ನಿಜವಾದ ಉಪಯೋಗ ಮೇ ತಿಂಗಳಿನದು. ಕಪ್ಪು ಬಟ್ಟೆಯ ಟಾಪ್ ಕೆಳಗೆ, ಇಪ್ಪತ್ತು ವರ್ಷದ ಏಸಿ ಹಾಕಿಕೊಂಡು ಪಶ್ಚಿಮ ಎಕ್ಸ್‌ಪ್ರೆಸ್ ಹೈವೇ ಟ್ರಾಫಿಕ್‌ನಲ್ಲಿ ನಿಂತವರಿಗೆ ಇದು ಗೊತ್ತು. ಆಮೇಲೆ ಬೆಕ್ಕು. ಸೊಸೈಟಿ ಪಾರ್ಕಿಂಗ್‌ನ ಬೆಕ್ಕಿಗೆ ಸಾಫ್ಟ್‌ಟಾಪ್ ಅಂದರೆ ಹಾಸಿಗೆ, ಉಗುರು ಮಸೆಯುವ ಜಾಗವೂ ಅದೇ. ಮಳೆಗೆ ಮಾತ್ರ ಅಂತಿದ್ದರೆ, ಮೇಲೆ ಚಾವಣಿ ಇರುವ ಪಾರ್ಕಿಂಗ್ ಇದ್ದರೆ, ಅದೇ ದುಡ್ಡಿಗೆ ಹೊಸ ಸಾಫ್ಟ್‌ಟಾಪ್ ಹಾಕಿಸಿ ಅನ್ನುತ್ತೇನೆ. ಹಾರ್ಡ್‌ಟಾಪ್ ಹಾಕುವವರು ಒಂದು ಕೆಲಸ ಮಾಡಿ: ಕೆಳಗೆ ಮಡಚಿ ಇಡುವ ಬಟ್ಟೆ ಪೂರ್ತಿ ಒಣಗಿರಲಿ. ಒದ್ದೆ ಬಟ್ಟೆ ಮಡಚಿ ನಾಲ್ಕು ತಿಂಗಳು ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ, ಮಡಿಕೆಯಲ್ಲಿ ಹಿಂದಿನ ಪ್ಲಾಸ್ಟಿಕ್ ಕಿಟಕಿ ಒಡೆಯುತ್ತದೆ.

ಬಿಚ್ಚಿದ ಟಾಪ್ ಎಲ್ಲಿ ಇಡುತ್ತೀರಿ? ಲಿಫ್ಟ್‌ನಲ್ಲಿ ಹಿಡಿಯುವುದಿಲ್ಲ. ಹಳೇ ಎಸ್‌ಎಲ್ ಟಾಪ್ 30 ಕೆಜಿ ದಾಟುತ್ತದೆ, ಆರನೇ ಮಹಡಿಗೆ ಮೆಟ್ಟಿಲು ಹತ್ತಿಸುವುದು ಆಗದ ಮಾತು. ಪಾರ್ಕಿಂಗ್‌ನಲ್ಲಿ ಗೋಡೆಗೆ ಬ್ರ್ಯಾಕೆಟ್ ಹೊಡೆಯಲು ಸೊಸೈಟಿ ಸೆಕ್ರೆಟರಿ ಒಪ್ಪಬೇಕು. ನೆಲದ ಮೇಲೆ ಇಟ್ಟರೆ ಅದರ ಭಾರವೆಲ್ಲ ಬೀಡಿಂಗ್ ಮೇಲೆ ಬಿದ್ದು, ನೀವು ದುಡ್ಡು ಕೊಟ್ಟಿದ್ದೇ ಚಪ್ಪಟೆ ಆಗುತ್ತದೆ. ಊರಲ್ಲಿ ಮನೆ ಇದೆ, ಉಡುಪಿಗೆ ಕಳಿಸುತ್ತೇನೆ ಅನ್ನುವವರಿಗೆ ಒಂದು ಪ್ರಶ್ನೆ: ಪ್ರತಿ ಮೇ ತಿಂಗಳು ಅದನ್ನು ವಾಪಸ್ ತರುವವರು ಯಾರು?

ತೆಗೆದುಕೊಂಡ ಮೇಲೆ ಇನ್ಶೂರೆನ್ಸ್‌ನವರಿಗೆ ಆಕ್ಸೆಸರಿ ಅಂತ ಹೇಳಿ ಬೆಲೆ ಸೇರಿಸಿಕೊಳ್ಳಿ. ಮನೆಗೆ ತರಲು ಟೆಂಪೋ ಬೇಡ. ಕಾರಿಗೇ ಹಾಕಿಕೊಂಡು ಬನ್ನಿ, ಲೋಣಾವಳ ಘಾಟ್ ಇಳಿಯುವಷ್ಟರಲ್ಲಿ ಎಲ್ಲಿ ಸದ್ದು ಬರುತ್ತದೆ ಅಂತ ಗೊತ್ತಾಗುತ್ತದೆ. ಪೂರ್ತಿ ದುಡ್ಡು ಅಲ್ಲಿಯವರೆಗೆ ಕೊಡದಿದ್ದರೆ ಇನ್ನೂ ಒಳ್ಳೆಯದು, ಮಾರುವವರು ಒಪ್ಪಿದರೆ.