ಅರ್ಧ ಪ್ರಶ್ನೆ ಸಾಕಾಗಲ್ಲ: ಸುವರ್ಣಸೌಧದ ಗ್ಯಾಲರಿಯಲ್ಲಿ ಕೂತು ನೋಡಿದ್ದು

ಎಲ್ಲರಿಗೂ ನಮಸ್ಕಾರ. ಈಗ ನೀವು ನೋಡುತ್ತಿರುವುದು ಪುಣೆ–ಬೆಂಗಳೂರು ಹೆದ್ದಾರಿ. ದೂರದಲ್ಲಿ ಗುಡ್ಡದ ಮೇಲೆ ಕಾಣುತ್ತಿದೆಯಲ್ಲ, ಅದೇ ಬೆಳಗಾವಿಯ ಸುವರ್ಣ ವಿಧಾನಸೌಧ. 2012ರ ಅಕ್ಟೋಬರ್ 11ರಂದು ಆಗಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಇದನ್ನು ಉದ್ಘಾಟಿಸಿದರು. ವರ್ಷದ ಬಹುಪಾಲು ದಿನ ಇಲ್ಲಿ ಸದ್ದೇ ಇರುವುದಿಲ್ಲ. ಚಳಿಗಾಲದ ಅಧಿವೇಶನ ಬಂತೆಂದರೆ ಊರಿನ ಲಾಡ್ಜ್‌ಗಳೆಲ್ಲ ತುಂಬುತ್ತವೆ, ಹೆದ್ದಾರಿ ತುಂಬ ಪೊಲೀಸರು ನಿಲ್ಲುತ್ತಾರೆ.

ಸದನದ ಒಳಗಿನ ಒಂದು ದೃಶ್ಯವೂ ಈ ವಿಡಿಯೊದಲ್ಲಿ ಇಲ್ಲ. ಗ್ಯಾಲರಿಗೆ ಫೋನ್ ಒಯ್ಯಲು ಬಿಡುವುದಿಲ್ಲ, ಹೊರಗೇ ಕೊಟ್ಟು ಹೋಗಬೇಕು. ಹಾಗಾಗಿ ಹೊರಗಿನ ದೃಶ್ಯ ಓಡುತ್ತಿರಲಿ, ಒಳಗೆ ಕಂಡದ್ದನ್ನು ನಾನು ಹೇಳುತ್ತಾ ಹೋಗುತ್ತೇನೆ.

ಸಭಾಧ್ಯಕ್ಷರ ಬಲಗಡೆ ಸರ್ಕಾರ, ಎಡಗಡೆ ವಿರೋಧ ಪಕ್ಷ. ಎಡಗಡೆಯ ಮುಂದಿನ ಸಾಲಿನಲ್ಲಿ ವಿರೋಧ ಪಕ್ಷದ ನಾಯಕರು. ನಾನು ಹೋಗಿದ್ದೇ ಆ ಕುರ್ಚಿಯನ್ನು ನೋಡಲಿಕ್ಕೆ. ಸಚಿವರನ್ನು ನೋಡಲು ಎಲ್ಲರೂ ಹೋಗುತ್ತಾರೆ. ಆದರೆ 224 ಜನರ ಸದನದಲ್ಲಿ ಸರ್ಕಾರವನ್ನು ನಿಲ್ಲಿಸಿ ಕೇಳುವ ಮೊದಲ ಹಕ್ಕು ಇರುವುದು ಆ ಕುರ್ಚಿಗೆ. ಅವರು ಎದ್ದು ನಿಂತರೆ ಸಭಾಧ್ಯಕ್ಷರು ಸಾಮಾನ್ಯವಾಗಿ ಮಾತಿಗೆ ಅವಕಾಶ ಕೊಡುತ್ತಾರೆ. ಸಂಪುಟ ದರ್ಜೆಯ ಸ್ಥಾನಮಾನ ಇದೆ. ಲೋಕಾಯುಕ್ತರನ್ನು ನೇಮಿಸುವಾಗ ಎರಡೂ ಸದನಗಳ ವಿರೋಧ ಪಕ್ಷದ ನಾಯಕರ ಅಭಿಪ್ರಾಯ ಕೇಳಬೇಕು ಎಂದು ನಮ್ಮ ರಾಜ್ಯದ ಕಾಯ್ದೆಯೇ ಹೇಳುತ್ತದೆ. ಇದು ಸಣ್ಣ ಅಧಿಕಾರ ಅಲ್ಲ.

ಟಿವಿಯಲ್ಲಿ ನಮಗೆ ಸಿಗುವುದು ಸಭಾಧ್ಯಕ್ಷರ ಪೀಠದ ಮುಂದಿನ ಬಾವಿಗಿಳಿದು ಧರಣಿ, ಕಾಗದ ಹರಿದು ಎಸೆಯುವುದು, ಸಭಾತ್ಯಾಗ. ಪ್ರಶ್ನೋತ್ತರ ಕಲಾಪವನ್ನು ಕೂತು ನೋಡಿದರೆ ಬೇರೆಯೇ ಲೋಕ. ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸಚಿವರು ಸದನದಲ್ಲೇ ಎದ್ದು ಉತ್ತರಿಸಬೇಕಾದ ಪ್ರಶ್ನೆ ಬರುತ್ತದೆ. ಸಚಿವರು ಎದ್ದು 'ಉತ್ತರ ಒದಗಿಸಲಾಗಿದೆ ಅಧ್ಯಕ್ಷರೇ' ಎಂದು ಕೂತುಬಿಡುತ್ತಾರೆ. ಉತ್ತರ ಅಚ್ಚಾಗಿ ಸದಸ್ಯರ ಕೈಯಲ್ಲಿ ಇರುತ್ತದೆ. ಅದರಲ್ಲಿ 'ಪರಿಶೀಲನೆಯಲ್ಲಿದೆ' ಎಂದೋ 'ಕ್ರಮ ವಹಿಸಲಾಗುವುದು' ಎಂದೋ ಬರೆದಿರುತ್ತದೆ. ನಿಜವಾದ ಕೆಲಸ ಶುರುವಾಗುವುದು ಆಮೇಲೆ, ಉಪಪ್ರಶ್ನೆಯಲ್ಲಿ. ಯಾವಾಗಿನಿಂದ ಪರಿಶೀಲನೆ? ಕಡತ ಯಾವ ಇಲಾಖೆಯಲ್ಲಿದೆ? ಯಾವ ತಿಂಗಳು ಮುಗಿಯುತ್ತದೆ? ಸಚಿವರು ಬಾಯಿಬಿಟ್ಟು ಒಂದು ತಾರೀಖು ಹೇಳಿದರೆ ಅದು ಸದನದಲ್ಲಿ ಕೊಟ್ಟ ಭರವಸೆ. ಅದನ್ನು ಬೆನ್ನು ಹತ್ತಲು ಭರವಸೆಗಳ ಸಮಿತಿ ಎಂಬುದೇ ಇದೆ. ಸಭಾತ್ಯಾಗ ಮಾಡಿ ಹೊರಗೆ ಹೋದವರಿಗೆ ಈ ತಾರೀಖು ಸಿಗುವುದಿಲ್ಲ. ಅದಕ್ಕೇ ನನಗೆ ಸಭಾತ್ಯಾಗ ಎಂದರೆ ಅಷ್ಟು ಬೇಜಾರು. ಸರ್ಕಾರಕ್ಕೆ ಅದಕ್ಕಿಂತ ದೊಡ್ಡ ಬಿಡುವು ಇನ್ನೊಂದಿಲ್ಲ.

ಈಗ ನಮ್ಮ ಭಾಗದ ವಿಷಯಕ್ಕೆ ಬರೋಣ. ಪರದೆ ಮೇಲೆ ಈಗ ಇರುವುದು ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟು. ನಾನು ಬಾಗಲಕೋಟೆ ಕಡೆಯವಳು, ಈ ಹಿನ್ನೀರಿನ ಮಾತು ಕೇಳುತ್ತಲೇ ಬೆಳೆದವಳು. ರಾಜ್ಯಗಳ ನಡುವೆ ಕೃಷ್ಣಾ ನೀರು ಹಂಚುವ ಎರಡನೇ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು, 2013ರ ನವೆಂಬರ್‌ನಲ್ಲಿ ಮತ್ತೆ ವರದಿ ಕೊಟ್ಟಿತು. ಅಣೆಕಟ್ಟಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಬಹುದು ಎಂದು ಒಪ್ಪಿತು. ಮಟ್ಟ ಏರಿದರೆ ಇನ್ನಷ್ಟು ಊರು, ಇನ್ನಷ್ಟು ಹೊಲ ಮುಳುಗುತ್ತವೆ. ಆ ಊರುಗಳಲ್ಲಿ ಮನೆ ಕಟ್ಟಬೇಕೋ ಬೇಡವೋ, ಹೊಲಕ್ಕೆ ಬೋರ್‌ವೆಲ್ ಹಾಕಿಸಬೇಕೋ ಬೇಡವೋ ಎಂದು ತಿಳಿಯದೆ ಜನ ವರ್ಷಗಟ್ಟಲೆ ಕೂತಿದ್ದಾರೆ. ಮುಳುಗಡೆ ಪಟ್ಟಿಯಲ್ಲಿರುವ ಊರು ಎಂದರೆ ಮಗಳನ್ನು ಕೊಡಲಿಕ್ಕೂ ಹಿಂದೆ ಮುಂದೆ ನೋಡುತ್ತಾರೆ. ಈ ನೋವು ಯಾವ ಕಡತದಲ್ಲೂ ಬರುವುದಿಲ್ಲ.

ಇದಕ್ಕೆ ಎರಡು ಬಾಗಿಲು ತಟ್ಟಬೇಕು. ಭೂಮಿಗೆ ಪರಿಹಾರ ಕೊಡುವುದು, ಪುನರ್ವಸತಿ ಮಾಡುವುದು ರಾಜ್ಯದ ಕೆಲಸ. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ಎಂದು 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಆದರೆ ನ್ಯಾಯಮಂಡಳಿಯ ತೀರ್ಪು ಜಾರಿಗೆ ಬರಬೇಕಾದರೆ ಅದನ್ನು ಗೆಜೆಟ್‌ನಲ್ಲಿ, ಅಂದರೆ ಸರ್ಕಾರಿ ರಾಜ್ಯಪತ್ರದಲ್ಲಿ ಪ್ರಕಟಿಸಬೇಕು, ಅದು ಕೇಂದ್ರದ ಕೆಲಸ. ಪ್ರಕರಣ ಸುಪ್ರೀಂ ಕೋರ್ಟ್‌ನಲ್ಲಿ ಇರುವುದರಿಂದ ಅದು ವರ್ಷಾನುಗಟ್ಟಲೆ ಆಗಿಲ್ಲ.

ನೋಡಿ, ಇಲ್ಲೇ ಎಲ್ಲ ತಪ್ಪುವುದು. ರಾಜ್ಯದಲ್ಲಿ ವಿರೋಧ ಪಕ್ಷದಲ್ಲಿ ಇರುವವರ ಪಕ್ಷ ದೆಹಲಿಯಲ್ಲಿ ಅಧಿಕಾರದಲ್ಲಿದ್ದರೆ, ಇಲ್ಲಿ ಅವರು ಪರಿಹಾರದ ದುಡ್ಡಿನ ಬಗ್ಗೆ ಮಾತ್ರ ಕೇಳುತ್ತಾರೆ. ಉತ್ತರ ಕೊಡುವ ಸಚಿವರು ಗೆಜೆಟ್ ಎಲ್ಲಿ ಎಂದು ತಿರುಗಿ ಕೇಳುತ್ತಾರೆ. ಇಬ್ಬರೂ ಅರ್ಧರ್ಧ ಪ್ರಶ್ನೆ ಹಿಡಿದು ಜಗಳ ಆಡುತ್ತಾರೆ, ಕಲಾಪದ ಹೊತ್ತು ಮುಗಿಯುತ್ತದೆ. ವಿರೋಧ ಪಕ್ಷದ ನಾಯಕರಿಂದ ನನಗೆ ಬೇಕಾದದ್ದು ಇಡೀ ಪ್ರಶ್ನೆ. ಪರಿಹಾರಕ್ಕೆ ಈ ಬಜೆಟ್‌ನಲ್ಲಿ ಎಷ್ಟು ಇಟ್ಟಿದ್ದೀರಿ ಎಂದು ಸರ್ಕಾರವನ್ನು ಕೇಳಲಿ. ಅದೇ ಉಸಿರಿನಲ್ಲಿ, ದೆಹಲಿಯಲ್ಲಿ ನಮ್ಮ ಪಕ್ಷದವರಿಂದ ಏನು ಮಾಡಿಸುತ್ತೇನೆ ಎಂದೂ ಹೇಳಲಿ. ಹಾಗೆ ಹೇಳಿದ ದಿನ ಎದುರಿನವರಿಗೆ ಜಾರಿಕೊಳ್ಳಲು ಜಾಗವೇ ಇರುವುದಿಲ್ಲ.

ಒಂದು ಪಕ್ಷದ ಮೇಲೆ ನಾನು ಇದನ್ನು ಹೊರಿಸುತ್ತಿಲ್ಲ. 2012ರ ಡಿಸೆಂಬರ್‌ನಲ್ಲಿ ಈ ಸೌಧದಲ್ಲಿ ಮೊದಲ ಅಧಿವೇಶನ ನಡೆದಾಗ ಸಿದ್ದರಾಮಯ್ಯನವರು ವಿರೋಧ ಪಕ್ಷದ ನಾಯಕರು, ಆರ್. ಅಶೋಕ ಅವರು ಉಪಮುಖ್ಯಮಂತ್ರಿ. 2023ರಲ್ಲಿ ಸಿದ್ದರಾಮಯ್ಯನವರು ಎರಡನೇ ಸಲ ಮುಖ್ಯಮಂತ್ರಿಯಾದರು, ಅದೇ ನವೆಂಬರ್‌ನಲ್ಲಿ ಅಶೋಕ ಅವರು ವಿರೋಧ ಪಕ್ಷದ ನಾಯಕರಾದರು. ಸದನದಲ್ಲಿ ಬಲಗಡೆ ಕೂತವರು ಎಡಗಡೆಗೆ, ಎಡಗಡೆ ಕೂತವರು ಬಲಗಡೆಗೆ ಹೋದರು. ಆಲಮಟ್ಟಿ ಮಾತ್ರ ಇದ್ದಲ್ಲೇ ಇದೆ.

ಕಬ್ಬಿನ ವಿಷಯವೂ ಹೀಗೆಯೇ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ರಸ್ತೆಯಲ್ಲೇ ಕೂತರು. ಟನ್ನಿಗೆ 3,500 ರೂಪಾಯಿ ಕೇಳಿದ್ದರು, 3,300ಕ್ಕೆ ನಿಂತಿತು. ದರ ಘೋಷಣೆ ಆಯಿತು, ಎಲ್ಲರೂ ಎದ್ದು ಹೋದರು. ಆಮೇಲೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕಳಿಸಿದ 14 ದಿನದೊಳಗೆ ಬಿಲ್ ಪಾವತಿ ಆಗಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರಷ್ಟು ಬಡ್ಡಿ ಸೇರಿಸಿ ಕೊಡಬೇಕು. ಯಾವ ಕಾರ್ಖಾನೆ ತಡ ಮಾಡಿದೆ? ಬಡ್ಡಿ ಕೊಟ್ಟಿದೆಯಾ? ಕಾರ್ಖಾನೆವಾರು ಪಟ್ಟಿಯನ್ನು ಸದನದ ಮುಂದೆ ಇಡಿಸಿದರೆ ಸಾಕು, ಅರ್ಧ ಕೆಲಸ ಮುಗಿದ ಹಾಗೆ. ಇದನ್ನು ಪಟ್ಟು ಹಿಡಿದು ಕೇಳುವುದು ಅಷ್ಟು ಸುಲಭ ಅಲ್ಲ ಎಂದು ನನಗೂ ಗೊತ್ತು. ಸಕ್ಕರೆ ಕಾರ್ಖಾನೆ ನಡೆಸುವ ಮನೆತನದವರು ಎರಡೂ ಕಡೆಯ ಬೆಂಚಿನಲ್ಲಿ ಇದ್ದಾರೆ. ಹಾಗೆಂದೇ ಆ ಪ್ರಶ್ನೆ ನಾಯಕರ ಬಾಯಿಂದಲೇ ಬರಬೇಕು. ಹೊಸ ಶಾಸಕರ ಮೇಲೆ ಹಾಕಿ ಕೂರಬಾರದು.

ದೆಹಲಿಯ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 2014ರಲ್ಲಿ ಲೋಕಸಭೆಯಲ್ಲಿ ಕಾಂಗ್ರೆಸ್‌ಗೆ 44 ಸ್ಥಾನ ಬಂತು. ಒಟ್ಟು ಸ್ಥಾನಗಳ ಹತ್ತನೇ ಒಂದು ಭಾಗ, ಅಂದರೆ 55 ಇಲ್ಲ ಎಂದು ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರಿಗೆ ವಿರೋಧ ಪಕ್ಷದ ನಾಯಕರ ಸ್ಥಾನ ಸಿಗಲಿಲ್ಲ. ಲೋಕಪಾಲ ಆಯ್ಕೆ ಸಭೆಗೆ 'ವಿಶೇಷ ಆಹ್ವಾನಿತ' ಎಂದು ಕರೆದಾಗ ಅವರು ಹೋಗಲಿಲ್ಲ. ಸುಮ್ನೆ ಹೋಗಿ ಕೂತು ಬಂದರೆ ಏನು ಪ್ರಯೋಜನ, ಅಲ್ವಾ? ಕೇಳುವ ಹಕ್ಕೇ ಇಲ್ಲದ ಕುರ್ಚಿ ಅದು. ಲೋಕಸಭೆಯಲ್ಲಿ ಆ ಸ್ಥಾನ ಹತ್ತು ವರ್ಷ ಖಾಲಿ ಇತ್ತು, 2024ರ ಜೂನ್‌ನಲ್ಲಿ ರಾಹುಲ್ ಗಾಂಧಿ ಬಂದ ಮೇಲೆ ತುಂಬಿತು. ಅಲ್ಲಿ ಅಷ್ಟು ವರ್ಷ ಇಲ್ಲದ ಹಕ್ಕು ಇಲ್ಲಿ ನಮ್ಮ ಸದನದಲ್ಲಿ ಇದೆ. ಇದ್ದೂ ಬಳಸದಿದ್ದರೆ ನನಗೆ ಸಿಟ್ಟು ಬರುತ್ತದೆ.

ಈಗ ಕಾಣುತ್ತಿರುವುದು ಕೊಂಡಸಕೊಪ್ಪದ ಟೆಂಟ್‌ಗಳು. ಅಧಿವೇಶನದ ದಿನಗಳಲ್ಲಿ ಪ್ರತಿಭಟನೆಗೆ ಜಾಗ ಕೊಡುವುದು ಇಲ್ಲಿ. ಅಂಗನವಾಡಿಯವರು, ಅತಿಥಿ ಉಪನ್ಯಾಸಕರು, ರೈತರು, ಎಲ್ಲರೂ ಇಲ್ಲಿಗೇ ಬರುತ್ತಾರೆ. ನಾನು ಗ್ಯಾಲರಿಯಿಂದ ಬಂದವಳು ಎಂದು ಗೊತ್ತಾದ ಕೂಡಲೇ ಒಬ್ಬರು ಕಾಕಾ ಕೇಳಿದರು: "ಒಳಗ ಯಾರರ ನಮ್ಮ ಊರ ಹೆಸರ ತಗದ್ರೇನ ಯವ್ವಾ?" ತೆಗೆದಿರಲಿಲ್ಲ. "ಇಲ್ರೀ ಕಾಕಾ" ಎಂದೆ. ಉತ್ತರ ಕರ್ನಾಟಕದ ಚರ್ಚೆ ಯಾವಾಗಲೂ ಕೊನೆಯ ದಿನಗಳಿಗೆ ಹೋಗುತ್ತದೆ, ಅಷ್ಟೊತ್ತಿಗೆ ಅರ್ಧ ಬೆಂಚು ಖಾಲಿ ಎಂಬ ದೂರು ಈ ಟೆಂಟುಗಳಲ್ಲಿ ಹಳೆಯದು. ಮೊದಲ ವಾರದಲ್ಲೇ ಈ ಚರ್ಚೆ ಆಗಲಿ ಎಂದು ಹಠ ಹಿಡಿಯುವ ಶಕ್ತಿ ವಿರೋಧ ಪಕ್ಷದ ನಾಯಕರಿಗಿದೆ. ಬೇರೆ ಕಲಾಪ ಬದಿಗಿಟ್ಟು ಇದನ್ನೇ ಚರ್ಚಿಸಿ ಎಂದು ನಿಲುವಳಿ ಸೂಚನೆ ಕೊಡಬಹುದು. ಸಭಾಧ್ಯಕ್ಷರು ಅದನ್ನು ನಿಯಮ 69ಕ್ಕೆ, ಅಂದರೆ ತುರ್ತು ವಿಷಯದ ಅಲ್ಪಾವಧಿ ಚರ್ಚೆಗೆ ಬದಲಾಯಿಸಿದರೂ ಚರ್ಚೆ ಆಗುತ್ತದೆ, ಸರ್ಕಾರ ಉತ್ತರ ಕೊಡಲೇಬೇಕಾಗುತ್ತದೆ.

ನಿಮ್ಮ ಊರಿನ ವಿಷಯ ಇದ್ದರೆ ಅಧಿವೇಶನ ಶುರುವಾಗುವ ಮೊದಲೇ ಬರೆದು ಕೊಡಿ. ಪ್ರಶ್ನೆಗಳಿಗೆ ಮುಂಚಿತವಾಗಿ ನೋಟಿಸ್ ಬೇಕು, ಡಿಸೆಂಬರ್‌ನಲ್ಲಿ ಓಡಾಡಿದರೆ ತಡವಾಗುತ್ತದೆ. ನಿಮ್ಮ ಶಾಸಕರಿಗೆ ಒಂದು ಪ್ರತಿ, ವಿರೋಧ ಪಕ್ಷದ ನಾಯಕರ ಕಚೇರಿಗೆ ಒಂದು ಪ್ರತಿ. ಊರಿನ ಹೆಸರು, ಸರ್ವೆ ನಂಬರು, ಅರ್ಜಿ ಕೊಟ್ಟ ತಾರೀಖು, ಇಷ್ಟು ಇರಲಿ. ಕಾಕಾ ಅವರ ಊರಿನದನ್ನು ನಾವಿಬ್ಬರೂ ಟೆಂಟ್‌ನಲ್ಲೇ ಕೂತು ಬರೆದೆವು.